ಹುಲ್ಲಿನ ಲೆಕ್ಕ ಬರೆದ ಕೆಮಿಸ್ಟ್: ಆಲ್‌ಫ್ರೆಡ್ ಲೋಟ್ಕಾ

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡವನ್ನು ಸೆಕೆಂಡ್ ಲ್ಯಾಂಗ್ವೇಜ್ ಆಗಿ ಹತ್ತನೇ ಕ್ಲಾಸ್‌ವರೆಗೆ ಓದಿದ್ದು ಅಷ್ಟೇ. ಈ ಲೇಖನವನ್ನು ನಮ್ಮ ಕ್ಲಬ್‌ನ ಸೀನಿಯರ್ ಒಬ್ಬರು ತಿದ್ದಿಕೊಟ್ಟಿದ್ದಾರೆ. ಇನ್ನೂ ತಪ್ಪು ಉಳಿದಿದ್ದರೆ ಅದು ನಂದೇ.

ಹೋದ ಸೆಮಿಸ್ಟರ್‌ನಲ್ಲಿ ಮ್ಯಾಥ್ಸ್ ಸರ್ ಬೋರ್ಡ್ ಮೇಲೆ ಎರಡು ಡಿಫರೆನ್ಶಿಯಲ್ ಈಕ್ವೇಶನ್ ಬರೆದು, ಇದಕ್ಕೆ ಲೋಟ್ಕಾ ವೋಲ್ಟೆರಾ ಮಾಡೆಲ್ ಅಂತಾರೆ, ಮೊಲ ಮತ್ತು ನರಿ ಅಂತ ಇಟ್ಕೊಳ್ಳಿ, ಹತ್ತು ಮಾರ್ಕ್ಸ್‌ಗೆ ಬರಬಹುದು ಅಂತ ಹೇಳಿ ಮುಂದಿನ ಟಾಪಿಕ್‌ಗೆ ಹೋದರು. ನಾನು ತುಂಬಾ ದಿನ ಲೋಟ್ಕಾ ವೋಲ್ಟೆರಾ ಅಂದ್ರೆ ಒಬ್ಬನೇ ಮನುಷ್ಯ ಅಂದ್ಕೊಂಡಿದ್ದೆ. ಲೋಟ್ಕಾ ಹೆಸರು, ವೋಲ್ಟೆರಾ ಸರ್‌ನೇಮ್. ಇಂಟರ್ನಲ್ಸ್ ಹಿಂದಿನ ರಾತ್ರಿ ನನ್ನ ರೂಮ್‌ಮೇಟ್ ಇದನ್ನು ಕೇಳಿ ಹೊಟ್ಟೆ ಹಿಡ್ಕೊಂಡು ನಕ್ಕ. ಆ ಅವಮಾನಕ್ಕೇ ಲೋಟ್ಕಾ ಯಾರು ಅಂತ ಹುಡುಕಲು ಶುರು ಮಾಡಿದೆ.

ಹುಡುಕಿದಾಗ ಎರಡು ವಿಷಯ ನನ್ನನ್ನು ಹಿಡಿದು ನಿಲ್ಲಿಸಿದವು. ಒಂದು, ಇಷ್ಟು ದೊಡ್ಡ ಹೆಸರಿನ ಈ ಮನುಷ್ಯ ಜೀವನದಲ್ಲಿ ಒಮ್ಮೆಯೂ ಪ್ರೊಫೆಸರ್ ಆಗಿರಲಿಲ್ಲ. ಇನ್ನೊಂದು, ಅವರು ಆ ಈಕ್ವೇಶನ್‌ಗಳನ್ನು ಜೀವಿಗಳಿಗೆ ಮೊದಲು ಅನ್ವಯಿಸಿದಾಗ ಎದುರಿಗಿಟ್ಟುಕೊಂಡ ಉದಾಹರಣೆಯಲ್ಲಿ ಮೊಲವೂ ಇರಲಿಲ್ಲ, ನರಿಯೂ ಇರಲಿಲ್ಲ. ಇದ್ದದ್ದು ಒಂದು ಗಿಡ, ಮತ್ತು ಆ ಗಿಡವನ್ನು ಮೇಯುವ ಒಂದು ಪ್ರಾಣಿ.

ಯುರೋಪಿನಲ್ಲಿ ಬೆಳೆದ ಹುಡುಗ

ಆಲ್‌ಫ್ರೆಡ್ ಜೇಮ್ಸ್ ಲೋಟ್ಕಾ ಹುಟ್ಟಿದ್ದು 1880ರ ಮಾರ್ಚ್ 2ರಂದು, ಲೆಂಬರ್ಗ್ ಎಂಬ ಊರಿನಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿತ್ತು. ಈಗ ಆ ಊರಿನ ಹೆಸರು ಲ್ವಿವ್, ಇರೋದು ಉಕ್ರೇನ್‌ನಲ್ಲಿ. ಅಪ್ಪ ಅಮ್ಮ ಇಬ್ಬರೂ ಅಮೆರಿಕದ ಪ್ರಜೆಗಳು. ಆದರೆ ಮಗ ಬೆಳೆದದ್ದು, ಓದಿದ್ದು ಯುರೋಪಿನಲ್ಲಿ. ಮುಂದೆ ಅವರು ಇಂಗ್ಲಿಷ್, ಜರ್ಮನ್, ಫ್ರೆಂಚ್ ಮೂರು ಭಾಷೆಯಲ್ಲೂ ಪೇಪರ್ ಬರೆದರು.

ಡಿಗ್ರಿ ಮಾಡಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಯೂನಿವರ್ಸಿಟಿಯಲ್ಲಿ. 1901ರಲ್ಲಿ ಬಿ.ಎಸ್ಸಿ. ಮುಗಿಯಿತು. ಅದಾದ ಮೇಲೆ ಒಂದು ವರ್ಷ ಜರ್ಮನಿಯ ಲೈಪ್ಸಿಗ್‌ನಲ್ಲಿ ಓದಿದರು. ಆ ಕಾಲದಲ್ಲಿ ಲೈಪ್ಸಿಗ್ ಅಂದ್ರೆ ಕೆಮಿಸ್ಟ್ರಿಯವರಿಗೆ ಕಾಶಿ ಇದ್ದ ಹಾಗೆ. ವಿಲ್‌ಹೆಲ್ಮ್ ಓಸ್ಟ್‌ವಾಲ್ಡ್ ಅಲ್ಲಿ ಇದ್ದರು. ಅಷ್ಟು ದಿನ ಯಾವುದಕ್ಕೆ ಯಾವುದು ಬೆರೆಸಿದರೆ ಏನು ಬರುತ್ತೆ ಅಂತ ನೋಡುತ್ತಿದ್ದ ಕೆಮಿಸ್ಟ್ರಿಗೆ, ಎಷ್ಟು ವೇಗದಲ್ಲಿ ಬರುತ್ತೆ, ಎಷ್ಟು ಎನರ್ಜಿ ಬೇಕು, ಎಲ್ಲಿ ನಿಲ್ಲುತ್ತೆ ಅನ್ನೋ ಪ್ರಶ್ನೆಗಳನ್ನು ಸೇರಿಸಿ ಫಿಸಿಕಲ್ ಕೆಮಿಸ್ಟ್ರಿ ಎಂಬ ಹೊಸ ಶಾಖೆ ಕಟ್ಟುತ್ತಿದ್ದವರಲ್ಲಿ ಅವರೂ ಒಬ್ಬರು. 21 ವರ್ಷದ ಲೋಟ್ಕಾಗೆ ಈ ಗಾಳಿ ಚೆನ್ನಾಗಿಯೇ ಬಡಿಯಿತು. ಕೆಮಿಸ್ಟ್ರಿಗೆ ಫಿಸಿಕ್ಸ್ ಸೇರಿಸಿ ಫಿಸಿಕಲ್ ಕೆಮಿಸ್ಟ್ರಿ ಮಾಡಬಹುದಾದರೆ, ಬಯಾಲಜಿಗೆ ಸೇರಿಸಿ ಫಿಸಿಕಲ್ ಬಯಾಲಜಿ ಯಾಕೆ ಮಾಡಬಾರದು? ಅವರ ಉಳಿದ ಜೀವನ ಪೂರ್ತಿ ಈ ಒಂದು ಪ್ರಶ್ನೆಯ ಹಿಂದೆಯೇ ಹೋಯಿತು.

ಹಗಲು ನೌಕರಿ, ಜೊತೆಗೆ ಪೇಪರ್

1902ರಲ್ಲಿ ಲೋಟ್ಕಾ ಅಮೆರಿಕಕ್ಕೆ ಬಂದರು. ಅಲ್ಲಿ ಸಿಕ್ಕಿದ್ದು ರಿಸರ್ಚ್ ಹುದ್ದೆ ಅಲ್ಲ. ಜನರಲ್ ಕೆಮಿಕಲ್ ಕಂಪನಿಯಲ್ಲಿ ಅಸಿಸ್ಟೆಂಟ್ ಕೆಮಿಸ್ಟ್ ಕೆಲಸ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಕೋರ್ ಕಂಪನಿಯಲ್ಲಿ ಪ್ಲೇಸ್‌ಮೆಂಟ್ ಆಯ್ತು. ಆರು ವರ್ಷ ಅಲ್ಲಿದ್ದರು.

ಆ ನೌಕರಿ ಮಾಡುತ್ತಲೇ, 1907ರಲ್ಲಿ, ಸೈನ್ಸ್ ಪತ್ರಿಕೆಯಲ್ಲಿ ಅವರ ಒಂದು ಚಿಕ್ಕ ಲೇಖನ ಬಂತು. ವಿಷಯ ಕೆಮಿಸ್ಟ್ರಿ ಅಲ್ಲ, ಜನನ ಪ್ರಮಾಣಕ್ಕೂ ಮರಣ ಪ್ರಮಾಣಕ್ಕೂ ಇರುವ ಸಂಬಂಧ. ಒಂದು ಕೆಮಿಕಲ್ ಫ್ಯಾಕ್ಟರಿಯ ನೌಕರನಿಗೆ ಇದೆಲ್ಲ ಯಾಕೆ ಬೇಕಿತ್ತು ಅಂತ ನಿಮಗೂ ಅನ್ನಿಸಬಹುದು. ಲೋಟ್ಕಾ ಕಣ್ಣಿಗೆ ಅದು ಬೇರೆ ವಿಷಯ ಆಗಿರಲೇ ಇಲ್ಲ. ಫ್ಲಾಸ್ಕ್‌ನಲ್ಲಿ ಅಣುಗಳು ಹುಟ್ಟುತ್ತವೆ, ಕರಗುತ್ತವೆ. ಊರಿನಲ್ಲಿ ಜನ ಹುಟ್ತಾರೆ, ಸಾಯ್ತಾರೆ. ಎರಡಕ್ಕೂ ಒಂದೇ ಥರದ ಲೆಕ್ಕ ಬರೆಯಬಹುದು ಅನ್ನೋದು ಅವರ ನಂಬಿಕೆ.

ಆಮೇಲಿನ ಅವರ ರೆಸ್ಯೂಮೆ ನೋಡಿದರೆ ಇವತ್ತಿನ ಯಾವುದೇ ಎಚ್‌ಆರ್ ಹುಬ್ಬು ಏರಿಸ್ತಾರೆ. 1909ರಲ್ಲಿ ಕಾರ್ನೆಲ್‌ನಲ್ಲಿ ಎಂ.ಎ. ಅದೇ ವರ್ಷ ಸ್ವಲ್ಪ ಕಾಲ ಅಮೆರಿಕದ ಪೇಟೆಂಟ್ ಆಫೀಸಿನಲ್ಲಿ ಎಕ್ಸಾಮಿನರ್. (ಹೌದು, ಐನ್‌ಸ್ಟೈನ್ ಮಾಡಿದ ಕೆಲಸವೇ, ದೇಶ ಬೇರೆ ಅಷ್ಟೇ.) 1909ರಿಂದ 1911ರವರೆಗೆ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಅಸಿಸ್ಟೆಂಟ್ ಫಿಸಿಸಿಸ್ಟ್. 1911ರಿಂದ 1914ರವರೆಗೆ ಸೈಂಟಿಫಿಕ್ ಅಮೆರಿಕನ್ ಸಪ್ಲಿಮೆಂಟ್‌ನ ಎಡಿಟರ್. ಈ ಮಧ್ಯೆ 1912ರಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಡಿ.ಎಸ್ಸಿ. ಡಾಕ್ಟರೇಟ್ ಬಂದ ಮೇಲೂ ಯೂನಿವರ್ಸಿಟಿಯ ಬಾಗಿಲು ತೆಗೆಯಲಿಲ್ಲ. 1914ರಲ್ಲಿ ಮತ್ತೆ ಅದೇ ಜನರಲ್ ಕೆಮಿಕಲ್ ಕಂಪನಿಗೆ ವಾಪಸ್. ಮೊದಲ ಮಹಾಯುದ್ಧದ ವರ್ಷಗಳು ಪೂರ್ತಿ ಅಲ್ಲೇ ಕಳೆದವು, 1919ರವರೆಗೆ.

ಇಷ್ಟು ಓಡಾಟದ ನಡುವೆಯೂ ಪೇಪರ್ ನಿಲ್ಲಲಿಲ್ಲ. 1911ರಲ್ಲಿ ಎಫ್. ಆರ್. ಶಾರ್ಪ್ ಜೊತೆ ಸೇರಿ ಒಂದು ಮುಖ್ಯ ವಿಷಯ ತೋರಿಸಿದರು. ಯಾವುದೇ ಜನಸಂಖ್ಯೆಯಲ್ಲಿ ವಯಸ್ಸಿಗೆ ತಕ್ಕ ಜನನ, ಮರಣ ಪ್ರಮಾಣ ಬದಲಾಗದೆ ಉಳಿದರೆ, ಶುರುವಿನಲ್ಲಿ ಮಕ್ಕಳು ಎಷ್ಟಿದ್ದರು, ಮುದುಕರು ಎಷ್ಟಿದ್ದರು ಅನ್ನೋದು ಕೊನೆಗೆ ಲೆಕ್ಕಕ್ಕೇ ಬರಲ್ಲ. ಎಲ್ಲ ಒಂದು ಸ್ಥಿರವಾದ ವಯಸ್ಸಿನ ಹಂಚಿಕೆಗೆ ಬಂದು ನಿಲ್ಲುತ್ತೆ. ಜನಸಂಖ್ಯಾ ಶಾಸ್ತ್ರದಲ್ಲಿ ಇದು ಇವತ್ತಿಗೂ ತಳಪಾಯ.

ಅದಕ್ಕೆ ಒಂದು ವರ್ಷ ಮೊದಲು, 1910ರಲ್ಲಿ, ಇನ್ನೊಂದು ಪೇಪರ್ ಬಂದಿತ್ತು. ಕೆಮಿಕಲ್ ಬ್ರಾಂಚ್‌ನ ಫ್ರೆಂಡ್ಸ್ ಇದನ್ನು ಗಮನ ಇಟ್ಟು ಓದಿ. ತಾನೇ ತನ್ನ ತಯಾರಿಕೆಯನ್ನು ಜೋರು ಮಾಡುವ ರಿಯಾಕ್ಷನ್‌ಗೆ ಆಟೋಕ್ಯಾಟಲಿಸಿಸ್ ಅಂತೀವಲ್ಲ, ಅಂಥದ್ದು ಇದ್ದರೆ ಸಾಂದ್ರತೆ ಸುಮ್ಮನೆ ಏರಿ ನಿಲ್ಲಬೇಕಾಗಿಲ್ಲ, ಏರಿ ಇಳಿದು ಏರಿ ಇಳಿದು ಆಮೇಲೆ ನಿಲ್ಲಬಹುದು ಅಂತ ಅವರು ಲೆಕ್ಕದಲ್ಲಿ ತೋರಿಸಿದರು. ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಭಾಷೆಯಲ್ಲಿ ಡ್ಯಾಂಪ್ಡ್ ಆಸಿಲೇಶನ್. ರಿಯಾಕ್ಷನ್ ಅಂದರೆ ಒಂದೇ ದಿಕ್ಕಿಗೆ ಹೋಗಿ ಮುಗಿಯೋದು ಅಂತ ಹೆಚ್ಚಿನವರು ನಂಬಿದ್ದ ಕಾಲ ಅದು. ಬಣ್ಣ ಬದಲಿಸುತ್ತಾ ಹಿಂದೆ ಮುಂದೆ ಹೋಗುವ ರಿಯಾಕ್ಷನ್ ಒಂದನ್ನು ರಷ್ಯಾದ ಬೆಲೌಸೊವ್ ಕಂಡುಹಿಡಿದದ್ದು 1950ರ ದಶಕದಲ್ಲಿ. ಅಷ್ಟರಲ್ಲಿ ಲೋಟ್ಕಾ ತೀರಿಕೊಂಡಿದ್ದರು.

ಗಿಡ ಮತ್ತು ಮೇಯುವ ಪ್ರಾಣಿ

1920ರಲ್ಲಿ, 40ನೇ ವಯಸ್ಸಿನಲ್ಲಿ, ಲೋಟ್ಕಾ ಆ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದೆ ತಗೊಂಡು ಹೋದರು. ಈ ಸಲ ಎರಡು ಆಟೋಕ್ಯಾಟಲಿಸಿಸ್. ಅದರ ಉದಾಹರಣೆಯಾಗಿ ಅವರು ಕೊಟ್ಟದ್ದೇ ಗಿಡ ಮತ್ತು ಅದನ್ನು ತಿಂದು ಬದುಕುವ ಪ್ರಾಣಿ. ನಾನು ಸುಲಭಕ್ಕೆ ಹುಲ್ಲು, ಹಸು ಅಂತ ಹೇಳ್ತೀನಿ.

ಲೆಕ್ಕ ಹೀಗಿದೆ. ಹುಲ್ಲು ಇದ್ದಷ್ಟೂ ಹುಲ್ಲು ಹುಟ್ಟುತ್ತೆ. ಹಾಗಾಗಿ ಹುಲ್ಲು ಬೆಳೆಯುವ ವೇಗ ಹುಲ್ಲಿನ ಪ್ರಮಾಣಕ್ಕೆ ತಕ್ಕ ಹಾಗೆ. ಹುಲ್ಲು ಮತ್ತು ಹಸು ಒಂದಕ್ಕೊಂದು ಸಿಕ್ಕಾಗ ಹುಲ್ಲು ಕಮ್ಮಿ ಆಗುತ್ತೆ, ಹಸು ಹೆಚ್ಚಾಗುತ್ತೆ. ಎಷ್ಟು ಸಲ ಸಿಗುತ್ತವೆ ಅನ್ನೋದು ಹುಲ್ಲು ಗುಣಿಸು ಹಸು. ಹುಲ್ಲು ಸಿಗದಿದ್ದರೆ ಹಸುಗಳು ತಮ್ಮದೇ ಪ್ರಮಾಣಕ್ಕೆ ತಕ್ಕಂತೆ ಸಾಯುತ್ತಾ ಹೋಗುತ್ತವೆ. ಈಕ್ವೇಶನ್ ಎರಡೇ, ಸ್ಥಿರಾಂಕ ನಾಲ್ಕೇ.

ಈ ಗುಣಾಕಾರ ಎಲ್ಲಿಂದ ಬಂತು ಗೊತ್ತಾ? ನಾವು ಪಿಯುಸಿಯಲ್ಲಿ ಓದಿದ ಲಾ ಆಫ್ ಮಾಸ್ ಆಕ್ಷನ್‌ನಿಂದ. ಎರಡು ವಸ್ತು ಸೇರಿ ರಿಯಾಕ್ಷನ್ ಆಗುವ ವೇಗ ಅವುಗಳ ಸಾಂದ್ರತೆಗಳ ಗುಣಲಬ್ಧಕ್ಕೆ ತಕ್ಕ ಹಾಗೆ. ಲೋಟ್ಕಾ ಹಸುವನ್ನೂ ಹುಲ್ಲನ್ನೂ ಒಂದು ದೊಡ್ಡ ಫ್ಲಾಸ್ಕ್‌ನಲ್ಲಿ ಹಾಕಿ ಅಲ್ಲಾಡಿಸಿದ ಹಾಗೆ ಯೋಚಿಸಿದರು.

ಉತ್ತರ ಅವರಿಗೂ ಆಶ್ಚರ್ಯ ತಂದಿರಬೇಕು. ಈ ಸಲ ಆಸಿಲೇಶನ್ ನಿಲ್ಲೋದೇ ಇಲ್ಲ. ಹುಲ್ಲು ಹೆಚ್ಚಾದರೆ ಸ್ವಲ್ಪ ತಡವಾಗಿ ಹಸು ಹೆಚ್ಚುತ್ತೆ, ಹಸು ಹೆಚ್ಚಾಗಿ ಹುಲ್ಲು ಖಾಲಿ ಆಗುತ್ತೆ, ಹುಲ್ಲಿಲ್ಲದೆ ಹಸು ಕಮ್ಮಿ ಆಗುತ್ತೆ, ಹಸು ಕಮ್ಮಿ ಆದಾಗ ಹುಲ್ಲು ಮತ್ತೆ ಚಿಗುರುತ್ತೆ. ಹೊರಗಿನಿಂದ ಮಳೆ, ಬರ, ರೋಗ ಏನೂ ಬೇಕಿಲ್ಲ. ಒಳಗಿನ ಲೆಕ್ಕವೇ ಸಾಕು. ಗ್ರಾಫ್‌ನಲ್ಲಿ ಹುಲ್ಲನ್ನು ಅಡ್ಡಕ್ಕೆ, ಹಸುವನ್ನು ಮೇಲಕ್ಕೆ ಇಟ್ಟು ಗೆರೆ ಎಳೆದರೆ ಅದು ಸುತ್ತಿ ಬಂದು ಶುರುವಾದ ಜಾಗಕ್ಕೇ ಸೇರುತ್ತೆ.

ಬಾಲ್ಟಿಮೋರ್‌ನ ಎರಡು ವರ್ಷ

ಈ ಕೆಲಸ ಜಾನ್ಸ್ ಹಾಪ್ಕಿನ್ಸ್ ಯೂನಿವರ್ಸಿಟಿಯ ರೇಮಂಡ್ ಪರ್ಲ್ ಅವರ ಕಣ್ಣಿಗೆ ಬಿತ್ತು. ಪರ್ಲ್ ಜನಸಂಖ್ಯೆ ಬೆಳೆಯುವ ರೀತಿಯ ಮೇಲೆ ಕೆಲಸ ಮಾಡುತ್ತಿದ್ದ ಹೆಸರಾಂತ ಬಯಾಲಜಿಸ್ಟ್. ಅವರ ಬೆಂಬಲದಿಂದ 1922ರಲ್ಲಿ ಲೋಟ್ಕಾ ಬಾಲ್ಟಿಮೋರ್‌ಗೆ ಬಂದರು. 42ನೇ ವಯಸ್ಸಿನಲ್ಲಿ ಮೊದಲ ಸಲ, ಬೇರೆ ನೌಕರಿಯ ತಲೆಬಿಸಿ ಇಲ್ಲದೆ ತಮ್ಮ ಪ್ರಶ್ನೆಯ ಮೇಲೆ ಕೂರುವ ಅವಕಾಶ ಸಿಕ್ಕಿತು. ಸಿಕ್ಕಿದ್ದು ಎರಡೇ ವರ್ಷ.

ಆ ಎರಡು ವರ್ಷದಲ್ಲಿ ಏನೇನು ಮಾಡಿದರು ನೋಡಿ. ಪ್ರಕೃತಿಯ ಆಯ್ಕೆಯನ್ನು ಎನರ್ಜಿಯ ಲೆಕ್ಕದಲ್ಲಿ ನೋಡುವ ಪೇಪರ್ ಬರೆದರು. ಮಲೇರಿಯಾ ಹರಡುವ ಲೆಕ್ಕವನ್ನು ಬಿಡಿಸಿ ಬರೆದರು. ಈ ಮಲೇರಿಯಾ ಈಕ್ವೇಶನ್‌ಗಳನ್ನು ಮೊದಲು ಬರೆದದ್ದು ರೊನಾಲ್ಡ್ ರಾಸ್, 1897ರಲ್ಲಿ ನಮ್ಮ ಪಕ್ಕದ ಸಿಕಂದರಾಬಾದ್‌ನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡ ಅದೇ ರಾಸ್. ಇವೆಲ್ಲದರ ಜೊತೆಗೆ ಲೋಟ್ಕಾ ತಮ್ಮ ದೊಡ್ಡ ಪುಸ್ತಕವನ್ನೂ ಬರೆದರು. ಎಲಿಮೆಂಟ್ಸ್ ಆಫ್ ಫಿಸಿಕಲ್ ಬಯಾಲಜಿ ಅಂತ ಹೆಸರು, 1925ರಲ್ಲಿ ಪ್ರಕಟವಾಯಿತು.

ಈ ಪುಸ್ತಕದ ಬಗ್ಗೆಯೇ ನಾನು ಮುಖ್ಯವಾಗಿ ಹೇಳಬೇಕಾಗಿರೋದು. ಅದರಲ್ಲಿ ನಮ್ಮ ಸಿಲಬಸ್‌ನ ಆ ಎರಡು ಈಕ್ವೇಶನ್ ಒಂದು ಚಿಕ್ಕ ಭಾಗ. ಅದನ್ನು ದಾಟಿ ಮುಂದೆ ಹೋದರೆ ಪೂರ್ತಿ ಬೇರೆ ಲೋಕ. ಅಲ್ಲಿ ಕೆಮಿಸ್ಟ್ ಲೋಟ್ಕಾ ಮಾತಾಡ್ತಾರೆ. ಭೂಮಿಯ ಚಿಪ್ಪಿನಲ್ಲಿ ಯಾವ ಧಾತು ಎಷ್ಟಿದೆ, ಜೀವಿಗಳ ಮೈಯಲ್ಲಿ ಎಷ್ಟಿದೆ ಅಂತ ಹೋಲಿಸ್ತಾರೆ. ನೀರಿಗೆ, ಕಾರ್ಬನ್ ಡೈಆಕ್ಸೈಡ್‌ಗೆ, ನೈಟ್ರೋಜನ್‌ಗೆ, ಫಾಸ್ಫರಸ್‌ಗೆ ಒಂದೊಂದಕ್ಕೂ ಒಂದೊಂದು ಅಧ್ಯಾಯ. ಯಾವ ಅಣು ಎಲ್ಲಿಂದ ಬಂದು ಯಾವ ಜೀವಿಯೊಳಗೆ ಹೋಗಿ ಮತ್ತೆ ಮಣ್ಣಿಗೋ ಸಮುದ್ರಕ್ಕೋ ಹೇಗೆ ಸೇರುತ್ತೆ ಅನ್ನೋ ಲೆಕ್ಕ. ಅಂದರೆ ಒಂದೇ ಪುಸ್ತಕದಲ್ಲಿ ಎರಡು ಥರದ ಎಣಿಕೆ ಇದೆ. ಒಂದು ಕಡೆ ಪ್ರಾಣಿಗಳನ್ನು ಎಣಿಸ್ತಾರೆ, ಇನ್ನೊಂದು ಕಡೆ ಪ್ರಾಣಿಗಳೊಳಗಿನ ಧಾತುಗಳನ್ನು ಎಣಿಸ್ತಾರೆ. ಮೇಯುವ ಪ್ರಾಣಿಯ ಈಕ್ವೇಶನ್‌ಗೆ ಮಾತ್ರ ಆ ಧಾತುಗಳ ಲೆಕ್ಕ ಬರಲೇ ಇಲ್ಲ. ಅದರಲ್ಲಿ ಹುಲ್ಲು ಎಷ್ಟಿದೆ ಅನ್ನೋದಷ್ಟೇ ಇತ್ತು, ಎಂಥ ಹುಲ್ಲು ಅನ್ನೋದು ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ರೋಮ್‌ನಿಂದ ಬಂದ ಪೇಪರ್

ಪುಸ್ತಕ ಬಂದ ಮರುವರ್ಷವೇ, 1926ರಲ್ಲಿ, ನೇಚರ್ ಪತ್ರಿಕೆಯಲ್ಲಿ ಇಟಲಿಯ ವೀಟೋ ವೋಲ್ಟೆರಾ ಅವರ ಲೇಖನ ಬಂತು. ವೋಲ್ಟೆರಾ ಆಗಲೇ ಜಗತ್ತಿಗೆ ಗೊತ್ತಿದ್ದ ಗಣಿತಜ್ಞ, ರೋಮ್‌ನಲ್ಲಿ ಪ್ರೊಫೆಸರ್, ಇಟಲಿಯ ಸೆನೆಟರ್ ಕೂಡ. ಅವರ ಅಳಿಯ ಉಂಬರ್ಟೋ ಡಿ'ಅಂಕೋನಾ ಮೀನುಗಳ ಮೇಲೆ ಕೆಲಸ ಮಾಡುವ ಬಯಾಲಜಿಸ್ಟ್. ಮಹಾಯುದ್ಧದ ವರ್ಷಗಳಲ್ಲಿ ಏಡ್ರಿಯಾಟಿಕ್ ಸಮುದ್ರದಲ್ಲಿ ಮೀನುಗಾರಿಕೆ ಕಮ್ಮಿಯಾದಾಗ ಮಾರ್ಕೆಟ್‌ಗೆ ಬರುವ ಮೀನಿನಲ್ಲಿ ಬೇಟೆಯಾಡುವ ಮೀನುಗಳ ಪಾಲು ಹೆಚ್ಚಾಗಿತ್ತು. ಯಾಕೆ ಅಂತ ಮಾವನನ್ನು ಕೇಳಿದರು. ಮಾವ ಲೆಕ್ಕ ಹಾಕಿದಾಗ ಬಂದದ್ದು ಲೋಟ್ಕಾ ಬರೆದಿದ್ದ ಅದೇ ಎರಡು ಈಕ್ವೇಶನ್.

ವೋಲ್ಟೆರಾಗೆ ಲೋಟ್ಕಾ ಕೆಲಸ ಗೊತ್ತಿರಲಿಲ್ಲ. ಒಬ್ಬರು ಫ್ಲಾಸ್ಕ್‌ನಿಂದ ಹೊರಟು, ಇನ್ನೊಬ್ಬರು ಮೀನಿನ ಮಾರ್ಕೆಟ್‌ನಿಂದ ಹೊರಟು ಒಂದೇ ಜಾಗಕ್ಕೆ ಬಂದಿದ್ದರು. ಲೋಟ್ಕಾ 1927ರಲ್ಲಿ ನೇಚರ್‌ಗೆ ಪತ್ರ ಬರೆದು ತಮ್ಮ ಹಿಂದಿನ ಕೆಲಸವನ್ನು ನೆನಪಿಸಿದರು. ವೋಲ್ಟೆರಾ ಅದನ್ನು ಒಪ್ಪಿಕೊಂಡರು, ಜೊತೆಗೆ ತಮ್ಮ ಕೆಲಸ ಎಲ್ಲಿ ಬೇರೆ ಅನ್ನೋದನ್ನೂ ಹೇಳಿದರು. ಬೀದಿ ಜಗಳ ಆಗಲಿಲ್ಲ. ಹಾಗೆ ಇಬ್ಬರ ಹೆಸರೂ ಒಂದಕ್ಕೊಂದು ಅಂಟಿಕೊಂಡಿತು, ನನ್ನಂಥವರಿಗೆ ಒಬ್ಬನೇ ಮನುಷ್ಯ ಅನ್ನಿಸುವಷ್ಟು.

ಆದರೆ ಇಬ್ಬರ ಸ್ಥಿತಿ ಒಂದೇ ಇರಲಿಲ್ಲ. ವೋಲ್ಟೆರಾ ಹಿಂದೆ ಯೂನಿವರ್ಸಿಟಿ, ಅಕಾಡೆಮಿ ಎಲ್ಲ ಇತ್ತು. (ಅವರೂ 1931ರಲ್ಲಿ ಮುಸೊಲಿನಿ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಲ್ಲ ಅಂದದ್ದಕ್ಕೆ ಪ್ರೊಫೆಸರ್ ಹುದ್ದೆ ಕಳೆದುಕೊಂಡರು. ಅದು ಇನ್ನೊಂದು ಲೇಖನಕ್ಕೆ ಆಗುವಷ್ಟಿದೆ.) ಲೋಟ್ಕಾ ಹಿಂದೆ ಸ್ಟೂಡೆಂಟ್ಸ್ ಇರಲಿಲ್ಲ, ಡಿಪಾರ್ಟ್‌ಮೆಂಟ್ ಇರಲಿಲ್ಲ. ಅಷ್ಟರಲ್ಲಿ ಅವರು ಯೂನಿವರ್ಸಿಟಿಯನ್ನೂ ಬಿಟ್ಟಾಗಿತ್ತು.

ಇನ್ಶೂರೆನ್ಸ್ ಕಂಪನಿಯ ಕಾಲು ಶತಮಾನ

1924ರಲ್ಲಿ ಲೋಟ್ಕಾ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಲೈಫ್ ಇನ್ಶೂರೆನ್ಸ್ ಕಂಪನಿಯ ಅಂಕಿಅಂಶ ವಿಭಾಗಕ್ಕೆ ಸೇರಿದರು. 1940ರ ದಶಕದ ಕೊನೆಯಲ್ಲಿ ರಿಟೈರ್ ಆಗುವವರೆಗೆ ಅಲ್ಲೇ ಇದ್ದರು.

ಇದನ್ನು ಓದಿದಾಗ ನನಗೆ ಬೇಜಾರಾಯ್ತು. ಇಂಥ ತಲೆ ಇನ್ಶೂರೆನ್ಸ್ ಆಫೀಸಲ್ಲಿ ಕೂತು ಪ್ರೀಮಿಯಂ ಲೆಕ್ಕ ಹಾಕ್ತಾ ಇತ್ತಾ ಅಂತ. ಮುಂದೆ ಓದಿದಾಗ ನನ್ನ ಬೇಜಾರು ಅರ್ಧ ತಪ್ಪು ಅಂತ ಗೊತ್ತಾಯ್ತು. ಅಲ್ಲಿ ಲೂಯಿಸ್ ಡಬ್ಲಿನ್ ಎಂಬ ಹಿರಿಯ ಸ್ಟ್ಯಾಟಿಸ್ಟಿಶಿಯನ್ ಜೊತೆ ಸೇರಿ ಲೋಟ್ಕಾ 1925ರಲ್ಲೇ ಒಂದು ದೊಡ್ಡ ಕೆಲಸ ಮಾಡಿದರು. ಆಗ ಅಮೆರಿಕದಲ್ಲಿ ಸಾವಿಗಿಂತ ಹುಟ್ಟು ತುಂಬಾ ಹೆಚ್ಚಿತ್ತು, ಜನಸಂಖ್ಯೆ ಜೋರಾಗಿ ಬೆಳೀತಿದೆ ಅಂತ ಎಲ್ಲರೂ ಅಂದ್ಕೊಂಡಿದ್ದರು. ಹಾಗೆ ಕಾಣೋದು ದೇಶದಲ್ಲಿ ಸದ್ಯಕ್ಕೆ ಹರೆಯದವರು ಹೆಚ್ಚಿರೋದರಿಂದ, ಆ ಪರಿಣಾಮ ತೆಗೆದು ನೋಡಿದರೆ ನಿಜವಾದ ಬೆಳವಣಿಗೆ ಸುಮಾರು ಅರ್ಧದಷ್ಟೇ ಅಂತ ಇವರು ತೋರಿಸಿದರು. ಕೋವಿಡ್ ಟೈಮಲ್ಲಿ ನ್ಯೂಸ್ ಚಾನೆಲ್‌ಗಳು ದಿನಾ ಹೇಳ್ತಿದ್ದ ಆರ್ ನಾಟ್ ನೆನಪಿದೆಯಾ? ಅದರ ಬೇರೂ ಇಂಥ ಜನಸಂಖ್ಯೆಯ ಲೆಕ್ಕದಲ್ಲೇ ಇದೆ.

1926ರಲ್ಲಿ ಇನ್ನೊಂದು ತಮಾಷೆಯ ಪೇಪರ್. ವಿಜ್ಞಾನಿಗಳು ಎಷ್ಟೆಷ್ಟು ಪೇಪರ್ ಬರೀತಾರೆ ಅಂತ ಎಣಿಸಿ, ಒಂದೇ ಪೇಪರ್ ಬರೆದವರು ನೂರು ಜನ ಇದ್ದರೆ ಎರಡು ಬರೆದವರು ಸುಮಾರು 25, ಮೂರು ಬರೆದವರು ಸುಮಾರು 11 ಅಂತ ತೋರಿಸಿದರು. ಇದಕ್ಕೆ ಲೋಟ್ಕಾ ನಿಯಮ ಅಂತಲೇ ಹೆಸರು, ಲೈಬ್ರರಿ ಸೈನ್ಸ್‌ನವರು ಈಗಲೂ ಓದ್ತಾರೆ. ನಮ್ಮ ಕ್ಲಬ್ ಮ್ಯಾಗಜೀನ್‌ಗೆ ಬರೆಯುವವರ ಲಿಸ್ಟ್ ನೋಡಿದರೆ ನಿಯಮ ನಮಗೂ ಸರಿಹೊಂದುತ್ತೆ ಅನ್ಸುತ್ತೆ.

ಮದುವೆ ಆಗಿದ್ದು ತಡವಾಗಿ, 1935ರಲ್ಲಿ, 55ನೇ ವಯಸ್ಸಿನಲ್ಲಿ, ರೊಮೊಲಾ ಬೀಟಿ ಅವರನ್ನು. ಮಕ್ಕಳಿರಲಿಲ್ಲ. 1930ರ ದಶಕದಲ್ಲಿ ಜೀವಿಗಳ ಒಡನಾಟದ ಗಣಿತದ ಮೇಲೆ ಫ್ರೆಂಚ್‌ನಲ್ಲಿ ಎರಡು ಭಾಗದ ಪುಸ್ತಕ ಬರೆದರು, ಮೊದಲನೆಯದು 1934ರಲ್ಲಿ, ಎರಡನೆಯದು 1939ರಲ್ಲಿ. ನಿಧಾನವಾಗಿ ಮರ್ಯಾದೆಯೂ ಬಂತು. ಅಮೆರಿಕದ ಜನಸಂಖ್ಯಾ ಸಂಘಕ್ಕೆ ಅಧ್ಯಕ್ಷರಾದರು, 1942ರಲ್ಲಿ ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್‌ಗೆ ಅಧ್ಯಕ್ಷರಾದರು. 1949ರ ಡಿಸೆಂಬರ್ 5ರಂದು ನ್ಯೂಜೆರ್ಸಿಯ ರೆಡ್ ಬ್ಯಾಂಕ್‌ನಲ್ಲಿ ತೀರಿಕೊಂಡರು. ಆಗ ವಯಸ್ಸು 69.

ಏಳು ವರ್ಷ ಆದ ಮೇಲೆ, 1956ರಲ್ಲಿ, ಡೋವರ್ ಪ್ರಕಾಶನ ಅವರ ಪುಸ್ತಕವನ್ನು ಮತ್ತೆ ಅಚ್ಚು ಹಾಕಿತು. ಆದರೆ ಹೆಸರು ಬದಲಾಗಿತ್ತು. ಈ ಸಲ ಅದು ಎಲಿಮೆಂಟ್ಸ್ ಆಫ್ ಮ್ಯಾಥಮ್ಯಾಟಿಕಲ್ ಬಯಾಲಜಿ. ಲೈಪ್ಸಿಗ್‌ನಿಂದ ಹೊತ್ತು ತಂದ ಫಿಸಿಕಲ್ ಅನ್ನೋ ಪದ ಹೋಗಿ ಮ್ಯಾಥಮ್ಯಾಟಿಕಲ್ ಬಂದು ಕೂತಿತು. ನನಗೆ ಅವರ ಕಥೆಯಲ್ಲಿ ಎಲ್ಲಕ್ಕಿಂತ ಚುಚ್ಚಿದ್ದು ಈ ಒಂದು ಪದ. ಯಾಕಂದ್ರೆ ಜಗತ್ತು ಅವರಿಂದ ತಗೊಂಡದ್ದು ಹಾಗೆಯೇ ಇತ್ತು. ಗಣಿತ ಟೆಕ್ಸ್ಟ್‌ಬುಕ್‌ಗೆ ಹೋಯಿತು, ಧಾತುಗಳ ಲೆಕ್ಕ ಬಹಳ ವರ್ಷ ಪುಸ್ತಕದಲ್ಲೇ ಉಳಿಯಿತು.

ಹುಲ್ಲು ಎಂಥದ್ದು?

ನಮ್ಮ ಚಿಕ್ಕಪ್ಪ ಊರಲ್ಲಿ ಎರಡು ಹಸು ಸಾಕಿದ್ದಾರೆ. ಬೇಸಿಗೆಯಲ್ಲಿ ಹೋದಾಗ ಮನೆ ಹಿಂದೆ ಒಣಹುಲ್ಲಿನ ಬಣವೆ ನನ್ನ ಎರಡರಷ್ಟು ಎತ್ತರ ಇರುತ್ತೆ. ಆದರೆ ಹಾಲು ಮಾತ್ರ ಕಮ್ಮಿ. ಹುಲ್ಲು ಇಷ್ಟೊಂದು ಇದೆಯಲ್ಲ ಚಿಕ್ಕಪ್ಪ ಅಂತ ನಾನು ಕೇಳಿದ್ದೆ. ಬರೀ ಒಣಹುಲ್ಲು ಹೊಟ್ಟೆ ತುಂಬಿಸುತ್ತೆ, ಮೈಗೆ ಹತ್ತಲ್ಲ, ಹಿಂಡಿ ಬೂಸಾ ಹಾಕಬೇಕು ಅಂತ ಅವರು ಹೇಳಿದ್ದರು. ಆಗ ನಾನು ತಲೆಯಾಡಿಸಿ ಮೊಬೈಲ್ ನೋಡಿದ್ದೆ. ಈಗ ಅನ್ಸುತ್ತೆ, ಆ ಎರಡು ಈಕ್ವೇಶನ್‌ನಲ್ಲಿ ಬಿಟ್ಟುಹೋಗಿದ್ದನ್ನೇ ಅವರು ಒಂದು ಮಾತಲ್ಲಿ ಹೇಳಿದ್ದರು.

ಲೋಟ್ಕಾ ಈಕ್ವೇಶನ್‌ನಲ್ಲಿ ಹುಲ್ಲು ಒಂದು ಮಿತಿ ದಾಟಿದರೆ ಹಸು ಹೆಚ್ಚಲೇಬೇಕು. ಗ್ರಾಫ್‌ನಲ್ಲಿ ಆ ಮಿತಿ ನೆಟ್ಟಗೆ ನಿಂತ ಒಂದು ಗೆರೆ. ಅದರ ಬಲಕ್ಕೆ ಎಷ್ಟೇ ದೂರ ಹೋದರೂ ಪ್ರಾಣಿಗೆ ಒಳ್ಳೆಯದೇ. ನಿಜ ಜೀವನದಲ್ಲಿ ಹಾಗಾಗಲ್ಲ ಅಂತ ಚೆನ್ನಾಗಿ ತೋರಿಸಿದ್ದು ಹಸು ಅಲ್ಲ, ಕೆರೆ ಸರೋವರಗಳಲ್ಲಿರುವ ಡಾಫ್ನಿಯಾ ಎಂಬ ಪುಟಾಣಿ ಪ್ರಾಣಿ. ಒಂದೆರಡು ಮಿಲಿಮೀಟರ್ ಉದ್ದ ಇರುತ್ತೆ, ನೀರಿನಲ್ಲಿರುವ ಪಾಚಿಯನ್ನು ಮೇಯುತ್ತೆ. ಅದು ಬೇಗ ಬೆಳೆಯುವ ಪ್ರಾಣಿ. ಬೇಗ ಬೆಳೆಯಲು ಆರ್‌ಎನ್‌ಎ ಹೆಚ್ಚು ಬೇಕು, ಆರ್‌ಎನ್‌ಎಗೆ ಫಾಸ್ಫರಸ್ ಬೇಕು. ಡಾಫ್ನಿಯಾ ಮೈಯಲ್ಲಿ ಸುಮಾರು 80 ಕಾರ್ಬನ್ ಪರಮಾಣುವಿಗೆ ಒಂದು ಫಾಸ್ಫರಸ್ ಪರಮಾಣು ಇರುತ್ತೆ. ಪಾಚಿ ಹಾಗಲ್ಲ. ಬಿಸಿಲು ಜಾಸ್ತಿ, ಫಾಸ್ಫರಸ್ ಕಮ್ಮಿ ಇದ್ದರೆ ಅದು ಕಾರ್ಬನ್ ತುಂಬಿಕೊಂಡು ಬೆಳೆಯುತ್ತಾ ಹೋಗುತ್ತೆ, ಒಂದು ಫಾಸ್ಫರಸ್‌ಗೆ ನೂರಾರು ಕಾರ್ಬನ್ ಆಗುತ್ತೆ. ನೀರು ಹಸಿರೋ ಹಸಿರು, ಆದರೆ ಮೇಯುವ ಪ್ರಾಣಿಗೆ ಅದು ಚಿಕ್ಕಪ್ಪನ ಒಣಹುಲ್ಲು.

1996ರಲ್ಲಿ ಜಪಾನಿನ ಉರಾಬೆ ಮತ್ತು ಅಮೆರಿಕದ ಸ್ಟರ್ನರ್ ಇದನ್ನು ಪ್ರಯೋಗದಲ್ಲಿ ತೋರಿಸಿದರು. ಬೆಳಕು ಹೆಚ್ಚಿಸಿದ ಹಾಗೆ ಪಾಚಿ ಹೆಚ್ಚಿತು. ಡಾಫ್ನಿಯಾ ಬೆಳವಣಿಗೆ ಮಾತ್ರ ಮೊದಲು ಏರಿ ಆಮೇಲೆ ಇಳಿಯಿತು. 2000ರಲ್ಲಿ ಲೊಲಾಡ್ಜೆ, ಕ್ವಾಂಗ್, ಎಲ್ಸರ್ ಎಂಬ ಮೂವರು ಇದಕ್ಕೆ ಗಣಿತ ಬರೆದರು. ಮೊದಲ ಇಬ್ಬರು ಗಣಿತದವರು, ಮೂರನೆಯವರು ಬಯಾಲಜಿಸ್ಟ್. ಅವರು ಮೇಯುವವ ಮತ್ತು ಮೇವಿನ ಹಳೆಯ ಈಕ್ವೇಶನ್‌ಗಳನ್ನು ಇಟ್ಟುಕೊಂಡೇ ಎರಡು ವಿಷಯ ಸೇರಿಸಿದರು. ಮೊದಲನೆಯದು, ಸರೋವರದಲ್ಲಿರುವ ಒಟ್ಟು ಫಾಸ್ಫರಸ್ ಇಷ್ಟೇ. ಪ್ರಾಣಿ ಹೆಚ್ಚಾದಷ್ಟೂ ಅವುಗಳ ಮೈಯಲ್ಲಿ ಅದು ಸೇರಿಕೊಂಡು ಪಾಚಿಗೆ ಉಳಿಯೋದು ಕಮ್ಮಿ. ಎರಡನೆಯದು, ಪ್ರಾಣಿ ತಿಂದದ್ದರಲ್ಲಿ ಎಷ್ಟು ಮೈಗೆ ಹತ್ತುತ್ತೆ ಅನ್ನೋದಕ್ಕೆ ಒಂದು ಕನಿಷ್ಠದ ನಿಯಮ. ಮೇವಿನ ಫಾಸ್ಫರಸ್ ಪ್ರಮಾಣವನ್ನು ಮೈಯ ಫಾಸ್ಫರಸ್ ಪ್ರಮಾಣದಿಂದ ಭಾಗಿಸಿ. ಅದು ಒಂದಕ್ಕಿಂತ ಕಮ್ಮಿ ಇದ್ದರೆ ಬೆಳವಣಿಗೆಯೂ ಅಷ್ಟೇ ಪಾಲು ಕಮ್ಮಿ.

ಇಷ್ಟು ಮಾಡಿದ ಕೂಡಲೇ ಆ ನೆಟ್ಟಗಿನ ಗೆರೆ ಬಾಗಿ ಹಿಂದಕ್ಕೆ ತಿರುಗುತ್ತೆ. ಮೇವು ಮಿತಿಗಿಂತ ಕಮ್ಮಿ ಇದ್ದರೆ ಪ್ರಾಣಿ ಹಸಿವಿನಿಂದ ಸಾಯುತ್ತೆ, ವಿಪರೀತ ಹೆಚ್ಚಾದರೆ ಸಾರ ಇಲ್ಲದ ಮೇವು ತಿಂದು ಸಾಯುತ್ತೆ. ಈ ಮಾಡೆಲ್‌ನಲ್ಲಿ ಬೆಳಕಿಗೆ ತಕ್ಕಂತೆ ಬದಲಾಗುವ ಒಂದು ಅಂಕಿ ಇದೆ, ಪಾಚಿ ಹೆಚ್ಚೆಂದರೆ ಎಷ್ಟು ಬೆಳೆಯಬಹುದು ಅನ್ನೋದು, ಲೀಟರ್‌ಗೆ ಇಷ್ಟು ಮಿಲಿಗ್ರಾಂ ಕಾರ್ಬನ್ ಅಂತ. ಅವರು ಕೊಟ್ಟ ಉದಾಹರಣೆಯಲ್ಲಿ ಅದು 0.25 ಇದ್ದಾಗ ಎರಡೂ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತವೆ. 0.75 ಇದ್ದಾಗ ಲೋಟ್ಕಾ ಹೇಳಿದ ಹಾಗೆ ಏರಿಳಿತ. 1.0 ಆದಾಗ ಏರಿಳಿತ ನಿಂತು ಮತ್ತೆ ಒಂದು ಮಟ್ಟ. 2.0 ಆದಾಗ ಸುತ್ತ ಮೇವು ತುಂಬಿರುವಾಗಲೇ ಮೇಯುವ ಪ್ರಾಣಿ ಪೂರ್ತಿ ನಾಶ.

ಇದು ಬರೀ ಕೆರೆಯ ವಿಷಯ ಅಲ್ಲ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಾದರೆ ಅಕ್ಕಿ, ಗೋಧಿಯಲ್ಲಿ ಪ್ರೋಟೀನ್ ಮತ್ತು ಸತು, ಕಬ್ಬಿಣದಂಥ ಖನಿಜಗಳ ಪ್ರಮಾಣ ಇಳಿಯುತ್ತೆ ಅಂತ ಪ್ರಯೋಗಗಳು ತೋರಿಸಿವೆ. ಆ ತಟ್ಟೆಯ ಮುಂದೆ ಕೂರೋದು ನಾವೇ.

ಧಾತುಗಳ ಲೆಕ್ಕ ಇಟ್ಟು ಪರಿಸರವನ್ನು ನೋಡುವವರು ತಮ್ಮ ಬೇರನ್ನು ಈಗ ಲೋಟ್ಕಾರ 1925ರ ಪುಸ್ತಕದವರೆಗೆ ಹಿಂದಕ್ಕೆ ಎಳೆದು ತೋರಿಸ್ತಾರೆ. ಆ ಫಾಸ್ಫರಸ್ ಅಧ್ಯಾಯವನ್ನೂ ಅವರ ಈಕ್ವೇಶನ್ ಅನ್ನೂ ಜೋಡಿಸಲು 75 ವರ್ಷ ಹಿಡಿಯಿತು. ಲೋಟ್ಕಾ ತಪ್ಪು ಮಾಡಿದರು ಅಂತ ನಾನು ಹೇಳ್ತಿಲ್ಲ. 1920ರಲ್ಲಿ ಕಂಪ್ಯೂಟರ್ ಇಲ್ಲ, ಕೈಯಲ್ಲಿ ಬಿಡಿಸಬೇಕು ಅಂದ್ರೆ ಏನನ್ನಾದರೂ ಬಿಡಲೇಬೇಕು. ಅವರು ಬಿಟ್ಟದ್ದನ್ನು ಅದೇ ಪುಸ್ತಕದ ಇನ್ನೊಂದು ಅಧ್ಯಾಯದಲ್ಲಿ ಬರೆದಿಟ್ಟಿದ್ದರು. ಓದದೇ ಇದ್ದದ್ದು ಉಳಿದವರು. ಹತ್ತು ಮಾರ್ಕ್ಸ್‌ಗೆ ಎರಡು ಈಕ್ವೇಶನ್ ಬಾಯಿಪಾಠ ಮಾಡಿದ ನಾನೂ ಅದರಲ್ಲಿ ಒಬ್ಬ.

ಇಂಟರ್ನಲ್ಸ್ ಮುಗಿದ ಮೇಲೆ ನಾನು ಪೈಥಾನ್‌ನಲ್ಲಿ ಈ ಹೊಸ ಮಾಡೆಲ್ ಬರೆದು ಓಡಿಸಿದೆ. ಬೆಳಕಿನ ಅಂಕಿ 2.0 ಮಾಡಿದಾಗ ಹಸಿರು ಗೆರೆ ಮೇಲೇರಿ ನಿಂತಿತು, ಪ್ರಾಣಿಯ ಗೆರೆ ನಿಧಾನವಾಗಿ ಸೊನ್ನೆಗೆ ಇಳಿಯಿತು. ನಕ್ಕಿದ್ದ ರೂಮ್‌ಮೇಟ್ ಪಕ್ಕದಲ್ಲೇ ಕೂತು ನೋಡಿದ. ಕೋಡ್‌ನಲ್ಲಿ ಬಗ್ ಇದೆ ಅಂದ. ಇಲ್ಲ ಕಣೋ, ಹುಲ್ಲು ಸರಿ ಇಲ್ಲ ಅಂದೆ. ನಲವತ್ತು ಲೈನ್ ಕೂಡ ಇಲ್ಲ, ಬೇಕಾದವರು ಕ್ಲಬ್ ಮೀಟಿಂಗ್‌ನಲ್ಲಿ ಸಿಕ್ಕಾಗ ಕೇಳಿ, ಕೊಡ್ತೀನಿ.